ನಮ್ಮ ಕಾಕಾನ ಸ್ಟ್ಯಾಟಿಕ್ ವೇರಿಯೇಬಲ್

ಹೆಣ್ಣು ನೋಡಲು ಹೋದ ಗಂಡು ಏನು ಕೇಳುತ್ತಾನೆ? ಹೆಸರೇನು, ಎಷ್ಟು ಓದಿದ್ದೀ, ರೊಟ್ಟಿ ಬಡಿಯಲು ಬರುತ್ತದೆಯೇ, ಇಷ್ಟೇ ತಾನೆ? ನಮ್ಮ ಕಾಕಾ, ಅಂದರೆ ಅಪ್ಪನ ಕೊನೆಯ ತಮ್ಮ, ಅಥಣಿಗೆ ಹೆಣ್ಣು ನೋಡಲು ಹೋದಾಗ ತಲೆ ತಗ್ಗಿಸಿ ಕುಳಿತಿದ್ದ ಹುಡುಗಿಗೆ ಕೇಳಿದ ಮೊದಲ ಪ್ರಶ್ನೆ ಇದು: "ಸ್ಟ್ಯಾಟಿಕ್ ವೇರಿಯೇಬಲ್ ಅಂದ್ರ ಏನಂತ ಗೊತ್ತೈತೇನ್ರಿ?"

ಇಂಥವನಿಗೂ ಹೆಣ್ಣು ಕೊಟ್ಟರು ಎಂದರೆ ನೀವು ನಂಬಬೇಕು! ಹುಡುಗಿ "ಇಲ್ರಿ" ಎಂದಳು. ಕಾಕಾನಿಗೆ ಅಷ್ಟು ಸಾಕಾಯಿತು. ಅವಲಕ್ಕಿ ತಣ್ಣಗಾಯಿತು, ಚಹಾದ ಮೇಲೆ ಕೆನೆ ಕಟ್ಟಿತು, ಹಿರಿಯರು ಎರಡು ಸಲ ಕೆಮ್ಮಿದರು. ಕಾಕಾ ಮಾತ್ರ ಅವರ ಮನೆಯ ಚಹಾದ ಕಪ್ಪು-ಬಸಿಗಳನ್ನೇ ಸಾಲಾಗಿ ಇಟ್ಟುಕೊಂಡು ಮುಕ್ಕಾಲು ಗಂಟೆ ಪಾಠ ಮಾಡಿದ. ಕೊನೆಗೆ ಹುಡುಗಿ "ಹ್ಞೂಂ" ಎಂದಳು. ಪಾಠ ತಿಳಿಯಿತೆಂದು ಕಾಕಾ ಹಿಗ್ಗಿದ. ಹುಡುಗಿ ಒಪ್ಪಿದಳೆಂದು ಹಿರಿಯರು ಸಕ್ಕರೆ ಹಂಚಿದರು!

ಈಗಲೂ ಕಾಕುವನ್ನು, ಅಂದರೆ ಅದೇ ಹುಡುಗಿಯನ್ನು, ಈ ಬಗ್ಗೆ ಕೇಳಿ ನೋಡಿ. "ಹ್ಞೂಂ ಅನ್ನೂತನಕಾ ಈ ಮನಷ್ಯಾ ಬಿಡೂದಿಲ್ಲ ಅಂತ ತಿಳೀತು, ಅದಕ್ಕ ಅಂದೆ. ಅಂದಮ್ಯಾಲೂ ಬಿಡೂದಿಲ್ಲ ಅಂತ ನನಗೇನ್ ಗೊತ್ತಿತ್ತು!" ಎನ್ನುತ್ತಾಳೆ.

ಕೊಲ್ಹಾಪುರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಬಂದಿದ್ದ ಕಾಕಾ ಚಿಕ್ಕೋಡಿಯಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಖೋಲಿ ಹಿಡಿದು ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸುವ ಕ್ಲಾಸ್ ತೆರೆದಿದ್ದ. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತೇನೋ. ನಾಲ್ಕು ಕಂಪ್ಯೂಟರು, ಹನ್ನೆರಡು ವಿದ್ಯಾರ್ಥಿಗಳು. ಕೆಳಗೆ ಗಿರಣಿ ಶುರುವಾಯಿತೆಂದರೆ ಮೇಲೆ ಮಾನಿಟರುಗಳು ನಡುಗುತ್ತಿದ್ದವು, ಕೀಬೋರ್ಡಿನ ಸಂದಿಯಲ್ಲೆಲ್ಲ ಜೋಳದ ಹಿಟ್ಟು! ಬಿಸಿಎ ಓದುತ್ತಿದ್ದ ನಾನೂ ರಾಯಬಾಗದಿಂದ ಕಾಕಾನ ಜೊತೆಗೇ ಬಸ್ಸು ಹತ್ತಿ ಹೋಗುತ್ತಿದ್ದೆ. ಮನೆಯ ಹುಡುಗಿ ಎಂದು ನನಗೆ ಇದ್ದ ಸವಲತ್ತು ಒಂದೇ, ಬೈಗಳು ಬೇರೆಯವರಿಗಿಂತ ಎರಡು ಪಟ್ಟು.

ಕಾಕಾನ ಪಾಠ ಹೀಗಿರುತ್ತಿತ್ತು. "ಕ್ಲಾಸ್ ಅಂದ್ರ ಬೆಲ್ಲದ ಅಚ್ಚು. ಅದರಾಗಿಂದ ಹೊರಗ ಬಿದ್ದ ಒಂದೊಂದು ಪೆಂಟಿ ಐತಿ ನೋಡ್ರಿ, ಅದು ಆಬ್ಜೆಕ್ಟ್. ಒಂದೊಂದು ಆಬ್ಜೆಕ್ಟಿಗೆ ತನ್ನದ ಅಂತ ಏನ್ ಇರತೈತಿ, ಅದು ಇನ್‌ಸ್ಟನ್ಸ್ ವೇರಿಯೇಬಲ್. ಎಲ್ಲಾರಿಗೂ ಕೂಡಿ ಒಂದ ಒಂದು ಇರತೈತಿ, ಅದು ಸ್ಟ್ಯಾಟಿಕ್! ತಿಳೀತ?"

ಹನ್ನೆರಡು ಜನವೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಾಕಾನಿಗೆ ರೇಗಿತು. ನಮ್ಮ ಹನ್ನೆರಡು ಊಟದ ಡಬ್ಬಿಗಳನ್ನು ಬೆಂಚಿನ ಮೇಲೆ ಸಾಲಾಗಿ ಇಡಿಸಿದ. ಒಂದರ ಮುಚ್ಚಳ ತೆಗೆದು ಪಲ್ಯಕ್ಕೆ ಒಂದು ಚಮಚ ಖಾರ ಸುರಿದ. "ಈಗ ಯಾರ ಬಾಯಿ ಉರೀತೈತಿ? ಈ ಡಬ್ಬಿಯವನದು ಅಷ್ಟ! ಉಳಿದ ಹನ್ನೊಂದು ಮಂದಿಗೆ ಏನೂ ಆಗೂದಿಲ್ಲ. ಇದು ಇನ್‌ಸ್ಟನ್ಸ್!" ಎಂದವನೇ ಮೂಲೆಯಲ್ಲಿದ್ದ ನೀರಿನ ಕೊಡಕ್ಕೆ ಒಂದು ಹಿಡಿ ಉಪ್ಪು ಹಾಕಿ ಕಲಕಿದ. ಏಪ್ರಿಲ್ ತಿಂಗಳು, ಚಿಕ್ಕೋಡಿಯ ಬಿಸಿಲು, ಮೇಲೆ ತಗಡಿನ ಛಾವಣಿ, ಇಡೀ ಖೋಲಿಗೆ ಇದ್ದದ್ದು ಅದೊಂದೇ ಕೊಡ! "ಈಗ ಕುಡೀರಿ ನೋಡೂಣು! ಒಬ್ಬಾವ ಬದಲಿ ಮಾಡಿದ್ರ ಎಲ್ಲಾರಿಗೂ ಬದಲಿ ಆತೋ ಇಲ್ಲೋ? ಇನ್ನ ಸಾಯೂತನಕಾ ಸ್ಟ್ಯಾಟಿಕ್ ಮರೀತೀರೇನು?"

ತೆಲಸಂಗದ ಒಬ್ಬ ಹುಡುಗಿ ಎದ್ದು ನಿಂತು, "ಮರಿಯೂದಿಲ್ರಿ ಸರ್. ಆದ್ರ ಸಂಜಿತನಕಾ ಕುಡಿಯಾಕ ನೀರು?" ಎಂದಳು. ಕಾಕಾ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಇನ್ನೂ ಅರ್ಧ ಗಂಟೆ ಕಿರುಚಿ ಪಾಠ ಮಾಡಿದ, ಗಂಟಲು ಒಣಗಿತು, ಹೋಗಿ ಅದೇ ಕೊಡದಿಂದ ಒಂದು ತಂಬಿಗೆ ನೀರು ಎತ್ತಿ ಗಟಗಟ ಕುಡಿದ! ಆಮೇಲೆ ಅವನ ಮುಖ ಹೇಗಾಯಿತು ಎಂದು ನಾನು ಹೇಳಬೇಕೇ? ಆ ವರ್ಷ ಪರೀಕ್ಷೆಯಲ್ಲಿ ಸ್ಟ್ಯಾಟಿಕ್‌ನ ಪ್ರಶ್ನೆಯನ್ನು ನಮ್ಮಲ್ಲಿ ಒಬ್ಬರೂ ತಪ್ಪಲಿಲ್ಲ.

ಮನೆಯಲ್ಲಾದರೂ ಸುಮ್ಮನಿದ್ದನೇ? ನಮ್ಮದು ಮೂವರು ಅಣ್ಣತಮ್ಮಂದಿರ ಒಟ್ಟು ಮನೆ, ಹನ್ನೊಂದು ಜನ, ಒಂದೇ ಒಲೆ. ಆಗಷ್ಟೇ ಮನೆಗೆಲ್ಲ ಸೇರಿ ಒಂದು ಮೊಬೈಲ್ ಬಂದಿತ್ತು. ನಾನು ಅದಕ್ಕೆ ಒಂದು ಭರ್ಜರಿ ಕುಣಿತದ ಹಾಡನ್ನು ರಿಂಗ್‌ಟೋನ್ ಮಾಡಿಟ್ಟೆ. ಮರುದಿನ ಅಪ್ಪ ಅದನ್ನು ಕಿಸೆಗೆ ಹಾಕಿಕೊಂಡು ಕಾಗವಾಡದಲ್ಲಿ ಪರಿಚಯದವರೊಬ್ಬರು ತೀರಿದ್ದರೆಂದು ಮಣ್ಣಿಗೆ ಹೋದರು. ಮುಂದಿನದು ನಿಮಗೆ ತಿಳಿದೇಹೋಯಿತು. ತಿರುಗಿ ಬಂದ ಅಪ್ಪ ಹೊಸ್ತಿಲ ಆಚೆಯಿಂದಲೇ ಗುಡುಗಿದರು. ಕಾಕಾ ಅಡ್ಡ ಬಂದ. "ಅಣ್ಣಾ, ಹುಡುಗೀದು ಏನೂ ತಪ್ಪಿಲ್ಲ. ಫೋನು ಸ್ಟ್ಯಾಟಿಕ್ ಐತಿ. ಅದನ್ನ ಯಾರ್ ಬೇಕಾದಾವ್ರು ಬದಲಿ ಮಾಡೂಹಂಗ ಪಬ್ಲಿಕ್ ಬಿಟ್ಟದ್ದ ತಪ್ಪು. ಪ್ರೈವೇಟ್ ಮಾಡಬೇಕಿತ್ತು!"

"ಪ್ರೈವೇಟೋ ಗಿವೇಟೋ, ಮೊದಲ ಆ ಹಾಡು ತಗೀಲೇ! ಅಲ್ಲಿ ಹೆಣದ ಮುಂದ ಕುಂತಾವ್ರೆಲ್ಲಾ ಅಳೂದು ಬಿಟ್ಟು ನನ್ನ ಕಿಸೇನ ನೋಡಾಕತ್ತಿದ್ರು!"

ಇಂಥ ಕಾಕಾನ ಪಾಠವನ್ನು ಬೇಸರವಿಲ್ಲದೆ ಕೇಳುತ್ತಿದ್ದವಳು ಮನೆಯಲ್ಲಿ ಒಬ್ಬಳೇ, ಆಯಿ. ಆಯಿ ಎಂದರೆ ನಮ್ಮ ಅಜ್ಜಿ, ಈ ಮೂವರ ತಾಯಿ. ಅವಳು ಕಾಳು ಹಸನು ಮಾಡುತ್ತ ಕುಳಿತಿದ್ದರೆ ಕಾಕಾ ಎದುರಿಗೆ ಕುಳಿತು ಆಬ್ಜೆಕ್ಟು ಹುಟ್ಟುವುದು, ಸಾಯುವುದು ಎಲ್ಲವನ್ನೂ ಹೇಳುತ್ತಿದ್ದ. ಆಯಿ ತಲೆಯಾಡಿಸುತ್ತಿದ್ದಳು. ಆಮೇಲೆ ನಮಗೆ ಹೇಳುತ್ತಿದ್ದಳು: "ನನ್ನ ಮಗಾ ಏನ್ ಹೇಳತಾನ ತಿಳಿಯೂದಿಲ್ಲ. ಆದ್ರ ಭಾಳ ಛಲೋ ಹೇಳತಾನ!"

ಕೆಲವು ವರ್ಷಗಳ ಮೇಲೆ ನಮ್ಮ ಮನೆಯಲ್ಲೂ ವಾಟ್ನಿಯ ಮಾತು ಬಂತು. ಪಾಲಾಗುವುದು ಎಂದರೆ ಬೇರೆ ಮನೆಗಳಲ್ಲಿ ಕೂಗಾಟ, ಎಳೆದಾಟ. ನಮ್ಮಲ್ಲಿ ಜಗಳವೇನೂ ಇರಲಿಲ್ಲ. ಮಕ್ಕಳು ಬೆಳೆದಿದ್ದರು, ಜಾಗ ಸಾಲುತ್ತಿರಲಿಲ್ಲ, ಮನೆಯೊಳಗೆ ಎರಡು ಗೋಡೆ ಎಬ್ಬಿಸಿ ಮೂರು ಮಾಡುವುದೆಂದು ಆಗಿತ್ತು. ಕಾಕಾನ ಉತ್ಸಾಹವೋ ಉತ್ಸಾಹ! ಮೂರು ಗ್ಯಾಸ್ ಒಲೆ ಬಂದವು, ಮೂರು ಮಿಕ್ಸರ್ ಬಂದವು, ಒಂದೊಂದು ಡಬ್ಬ ಬಿಚ್ಚಿದಾಗಲೂ "ಹೊಸಾ ಆಬ್ಜೆಕ್ಟ್! ಇನ್ನೊಂದು ಹೊಸಾ ಆಬ್ಜೆಕ್ಟ್!" ಎಂದು ಕುಣಿದಾಡಿದ. "ಎಲ್ಲಾರಿಗೂ ತಮ್ಮ ತಮ್ಮ ಕಾಪಿ! ಇನ್ನ ಯಾರ ಮಿಕ್ಸರ್ ಕೆಟ್ರೂ ಯಾರೂ ಬೈಯೂಹಂಗಿಲ್ಲ!"

ಊರಿನ ಇಬ್ಬರು ಹಿರಿಯರು ಪಡಸಾಲೆಯಲ್ಲಿ ಕುಳಿತು ಹೊಲ, ದನ, ಹಂಡೆ, ಕೊಪ್ಪರಿಗೆ ಎಲ್ಲವನ್ನೂ ಮಧ್ಯಾಹ್ನದೊಳಗೆ ಹಂಚಿ ಮುಗಿಸಿದರು. ಕೊನೆಗೆ ಅವರಲ್ಲಿ ದೊಡ್ಡವರು ರುಮಾಲು ಸರಿಮಾಡಿಕೊಂಡು ಹೇಳಿದರು. "ಇನ್ನ ನಿಮ್ಮವ್ವ. ಒಬ್ಬೊಬ್ರ ಮನ್ಯಾಗ ನಾಕ್ ನಾಕ್ ತಿಂಗಳ ಪಾಳಿ ಹಚ್ಚೂಣು. ಎಲ್ಲಾ ಕಡೆ ಹಿಂಗ ಮಾಡತಾರ."

ಅಪ್ಪ ತಲೆಯಾಡಿಸಿದರು, ನಡುವಿನ ಕಾಕಾನೂ ತಲೆಯಾಡಿಸಿದ. ಬಾಗಿಲ ಬಳಿ ಹೆಸರುಕಾಳು ಹಸನು ಮಾಡುತ್ತಿದ್ದ ಆಯಿಯ ಕೈ ಮೊರದ ಮೇಲೆ ಒಂದು ಗಳಿಗೆ ನಿಂತಿತು. ನಾನು ನೋಡಿದೆ.

"ಆಗೂದಿಲ್ರಿ!" ಕಾಕಾ ಎದ್ದು ನಿಂತಿದ್ದ. "ಇದು ಕಂಪೈಲ್ ಆಗೂದ ಇಲ್ಲ, ಕಂಪ್ಯೂಟರ್ ಇದನ್ನ ಒಪ್ಪೂದ ಇಲ್ಲ!"

ಕಿಸೆಯಿಂದ ಬೋರ್ಡಿಗೆ ಬರೆಯುವ ಖಡು ತೆಗೆದು ಪಡಸಾಲೆಯ ಫರಸಿಯ ಮೇಲೆ ಮೂರು ಚೌಕ ಬರೆದ. ಅವುಗಳಿಂದ ದೂರ, ಮೇಲೆ ಇನ್ನೊಂದು ಚೌಕ ಬರೆದ. "ನೋಡ್ರಿ, ಈ ಮೂರೂ ನಾವು. ಅಣ್ಣಾ ಒಂದು, ನಡುವಿನಾವ ಒಂದು, ನಾ ಒಂದು. ಆಬ್ಜೆಕ್ಟ್‌ಗಳು! ಮೆಮೊರಿಯೊಳಗ ನಮ್ಮ ಜಾಗಾನ ಬ್ಯಾರೆ. ಇವತ್ತ ಹುಟ್ಟತಾವು, ನಾಳೆ ಹೋಗತಾವು. ಸ್ಟ್ಯಾಟಿಕ್ ಇರೂದು ಈ ಮ್ಯಾಲಿನ ಜಾಗಾದಾಗ, ಕ್ಲಾಸಿನ ಜೋಡಿ. ಒಂದೂ ಆಬ್ಜೆಕ್ಟ್ ಹುಟ್ಟಿರೂದಿಲ್ಲ, ಆಗ್ಲೇ ಅದು ಬಂದು ಕುಂತಿರತೈತಿ! ನಾವು ಮೂರೂ ಮಂದಿ ಇರಲಿಲ್ಲ, ಆವಾಗೂ ಅವ್ವ ಇದ್ಲೋ ಇಲ್ಲೋ? ಆಕೀನ ತಂದು ನಾಕ್ ತಿಂಗಳ ಈ ಡಬ್ಬಿ, ನಾಕ್ ತಿಂಗಳ ಆ ಡಬ್ಬಿ ಅಂತ ಹಾಕಾಕ ಬರೂದಿಲ್ರಿ!"

"ಮಾಸ್ತರ, ನಮಗ ತಿಳಿಯೂಹಂಗ ಹೇಳ್ರಿ. ಆಕಿ ಊಟ ಯಾರ ಮನ್ಯಾಗ?" ಎಂದರು ಹಿರಿಯರು.

"ಮೂರೂ ಮನ್ಯಾಗರಿ! ಮನಸ್ಸು ಬಂದಾಗ, ಮನಸ್ಸು ಬಂದಲ್ಲಿ. ಯಾರ ಪಾಳೀನೂ ಅಲ್ಲ. ಎಲ್ಲಾರಕಿ!"

ಅಪ್ಪ, "ಇಷ್ಟು ವರ್ಷದಾಗ ಇವಾ ಹೇಳಿದ್ದು ಇವತ್ತೊಂದು ನನಗ ತಿಳೀತು ನೋಡ್ರಿ" ಎಂದರು. ಎಲ್ಲರೂ ನಕ್ಕರು. ಪಾಳಿ ಬೇಡ ಎಂದು ನಿಶ್ಚಯವಾಯಿತು. ಕಾಕಾ ಖಡುವಿನ ಕೈ ಒರೆಸಿಕೊಳ್ಳುತ್ತ ಎದೆಯುಬ್ಬಿಸಿ ನಿಂತ. ಜಾವಾ ಗೆದ್ದಿತ್ತಲ್ಲ!

ಆಗ ಆಯಿ ಮೊರವನ್ನು ಬದಿಗಿಟ್ಟು ಎದ್ದು ಬಂದಳು. ಫರಸಿಯ ಮೇಲಿನ ಚಿತ್ರವನ್ನು ಬಗ್ಗಿ ನೋಡಿದಳು. ಮೂರು ಚೌಕಗಳನ್ನು ದಾಟಿ ಅವಳ ಬೆರಳು ಮೇಲಿನದರ ಹತ್ತಿರ ನಿಂತಿತು.

"ಎಲ್ಲಾರಕಿ ಅಂದಿ, ಛಲೋ ಆತಪಾ. ನಂದು ಅಂತ ಇದೊಂದು ಬ್ಯಾರೆ ಬರದಿಯಲಾ, ಇದು ನಮ್ಮ ಮನ್ಯಾಗ ಎಲ್ಲೈತಿ?"

ಕಾಕಾ ತಿರುಗಿ ಮನೆಯನ್ನೆಲ್ಲ ನೋಡಿದ. ಎಲ್ಲಿತ್ತು ಆ ಚೌಕ? ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಆಯಿ ಮಲಗಿದ್ದು ಎಲ್ಲಿ ಜಾಗ ಉಳಿಯಿತೋ ಅಲ್ಲಿ. ಚಳಿಯಲ್ಲಿ ಒಲೆಯ ಪಕ್ಕ, ನೆಂಟರು ಬಂದರೆ ಜೋಳದ ಚೀಲಗಳ ಸಂದಿಯಲ್ಲಿ. ಅವಳ ಟ್ರಂಕು ಇದ್ದದ್ದು ಕಾಕುವಿನ ಮಂಚದ ಕೆಳಗೆ. ತನ್ನದೇ ಸೀರೆ ಬೇಕಾದರೂ ಆಯಿ ಸೊಸೆಯ ಬಾಗಿಲು ಬಡಿದು, "ಒಳಗ ಬರ್ಲೇನವಾ?" ಎಂದು ಕೇಳಬೇಕಿತ್ತು. ಇದನ್ನೆಲ್ಲ ನಾವು ದಿನಾ ನೋಡುತ್ತಿದ್ದೆವು. ಒಂದು ದಿನವೂ ನಮಗೆ ಏನೂ ಅನಿಸಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಕಾಕಾ ಪಡಸಾಲೆಯ ಪಕ್ಕದ ಸಣ್ಣ ಖೋಲಿಗೆ ಹೋದ. ಅದು ಅವನ ಪಾಲಿಗೆ ಬಂದದ್ದು. ಕ್ಲಾಸಿನ ಕೆಟ್ಟ ಕಂಪ್ಯೂಟರುಗಳನ್ನೆಲ್ಲ ಅಲ್ಲಿ ತುಂಬಿಟ್ಟು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಒಂದು ಮಾನಿಟರನ್ನು ಎದೆಗೆ ಅವಚಿಕೊಂಡು ಹೊರಗೆ ಬಂದ. ಕಾಕು ಎದ್ದು ಹೋಗಿ ಕೀಬೋರ್ಡುಗಳನ್ನು ತಂದಳು. ಅಪ್ಪ ಮತ್ತು ನಡುವಿನ ಕಾಕಾ ಟೇಬಲ್ಲು ಎತ್ತಿದರು. ಒಂದು ವಾರದಲ್ಲಿ ಖೋಲಿಗೆ ಸುಣ್ಣ ಬಳಿದಾಯಿತು, ಬಾಗಿಲಿಗೆ ಒಳಗಡೆಯಿಂದ ಒಂದು ಹೊಸ ಚಿಲಕ ಕೂತಿತು. ಆಯಿಯ ಹಾಸಿಗೆ, ಟ್ರಂಕು ಎಲ್ಲ ಒಳಗೆ ಹೋದವು.

ಮೊದಲ ದಿನ ಊಟವಾದ ಮೇಲೆ ಆಯಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಸದ್ದಿಲ್ಲ! ನನ್ನ ಅವ್ವ ಬಾಗಿಲು ತಟ್ಟಿದಳು, ಕಾಕು ಕಿಡಕಿಯಲ್ಲಿ ಇಣುಕಲು ನೋಡಿದಳು. ಕಾಕಾ ಬಾಗಿಲಿಗೆ ಕಿವಿ ಹಚ್ಚಿ, "ಅವ್ವಾ! ಏ ಅವ್ವಾ!" ಎಂದು ಕೂಗತೊಡಗಿದ.

ಚಿಲಕ ಸರಿಯಿತು. ಆಯಿ ನಿಂತಿದ್ದಳು.

"ಏನಾತವ್ವಾ? ಒಳಗ ಏನ್ ಮಾಡಾಕತ್ತಿದ್ದಿ?"

"ಏನೂ ಇಲ್ಲೋ. ಒಳಗಿಂದ ಚಿಲಕಾ ಹಾಕ್ಕೊಂಡು ಒಬ್ಬಾಕೀನ ಕುಂತ್ರ ಹೆಂಗ ಇರತೈತಿ ಅಂತ ನೋಡಾಕತ್ತಿದ್ನಿ."

ಕಾಕಾನ ಕಣ್ಣು ತುಂಬಿ ಬಂತು. "ಹಂಗಾರ ಇನ್ನೊಂದಿಷ್ಟೊತ್ತು ಕುಂಡ್ರವಾ," ಎಂದು ಹೊರಗಿನಿಂದ ಬಾಗಿಲನ್ನು ಮೆಲ್ಲಗೆ ತಾನೇ ಎಳೆದುಕೊಂಡ.