ಗೇಮ್ ಕನ್ಸೋಲುಗಳನ್ನು ಒಳಗೆ ಸೇರಿಸುವ ಕೆಲಸ

ಮಣಿಪಾಲದ ಕಾಲೇಜೊಂದರ ನೆಟ್‌ವರ್ಕ್ ವಿಭಾಗದಲ್ಲಿ ನನಗೆ ಕೆಲಸ. ಅಲೆವೂರಿನಿಂದ ಸ್ಕೂಟರಿನಲ್ಲಿ ಬಂದು ಹೆಲ್ಮೆಟ್ ತೆಗೆಯುವ ಮೊದಲೇ ಯಾರಾದರೊಬ್ಬ "ಸಾರ್, ಗೇಮ್ ಕನೆಕ್ಟ್ ಆಗ್ತಾ ಇಲ್ಲ" ಎಂದು ಬಾಗಿಲಲ್ಲಿ ನಿಂತಿರುತ್ತಾನೆ. ಫೋನು, ಲ್ಯಾಪ್‌ಟಾಪುಗಳು ಕಾಲೇಜಿನ ಲಾಗಿನ್ ಪುಟದಲ್ಲಿ ಹೆಸರು, ಪಾಸ್‌ವರ್ಡ್ ಹೊಡೆದರೆ ವೈಫೈಗೆ ಸೇರುತ್ತವೆ. ಟಿವಿಗೆ ಸಿಕ್ಕಿಸಿ ಗೇಮ್ ಆಡುವ ಕನ್ಸೋಲ್ ಪೆಟ್ಟಿಗೆಗೆ ಆ ಬುದ್ಧಿ ಇಲ್ಲ. ಅದರ ಅಡಿಯ ಚೀಟಿಯಲ್ಲಿರುವ ಹನ್ನೆರಡು ಅಕ್ಷರಗಳ ನಂಬರನ್ನು ನಾನೇ ಸಿಸ್ಟಮಿಗೆ ಸೇರಿಸಬೇಕು. ಎಲ್ಲ ತಮಾಷೆಯೂ ಅಲ್ಲಿಂದಲೇ ಶುರು.

೧. ಹತ್ತೇ ಅಕ್ಷರ

ಕಾರ್ಕಳದ ಹುಡುಗನೊಬ್ಬ ಆಯುಧಪೂಜೆಗೆ ಊರಿಗೆ ಹೋಗಿ ಬಂದವನು ಹತ್ತೇ ಅಕ್ಷರ ಬರೆದು ಕೊಟ್ಟ.

"ಇನ್ನೆರಡು ಎಲ್ಲಿ ಮಾರಾಯ?"

"ಅಮ್ಮ ಕನ್ಸೋಲಿಗೂ ಪೂಜೆ ಮಾಡಿದ್ದಾರೆ ಸಾರ್. ಆ ಎರಡರ ಮೇಲೆಯೇ ಗಂಧ, ಕುಂಕುಮ ಉಂಟು."

"ಒರೆಸಿ ನೋಡು."

"ಅಯ್ಯೋ, ಅಮ್ಮನನ್ನು ಕೇಳದೆ ಒರೆಸುವುದು ಹೇಗೆ?"

ಕೊನೆಗೆ ಕನ್ಸೋಲನ್ನು ಟಿವಿಗೆ ಸಿಕ್ಕಿಸಿ, ಪರದೆಯ ಮೇಲೆ ನಂಬರು ಹುಡುಕಿ ಸೇರಿಸಿದೆ. ಒಂದೇ ಸಲಕ್ಕೆ ಕನೆಕ್ಟ್ ಆಯಿತು. ಮರುದಿನ ಪಕ್ಕದ ಕೋಣೆಯವನು ತನ್ನ ಕನ್ಸೋಲಿನ ಚೀಟಿಗೆ ದಪ್ಪಗೆ ಕುಂಕುಮ ಹಚ್ಚಿಕೊಂಡು ಬಂದ.

"ಇದೆಂತ?"

"ಅವನದ್ದು ಒಂದೇ ಸಲಕ್ಕೆ ಆಯಿತಲ್ವಾ ಸಾರ್?"

೨. ಪರೀಕ್ಷೆಯ ಶಪಥ

ಕಾಪುವಿನ ಹುಡುಗ, ಅವನ ರೂಮ್‌ಮೇಟ್ ಇಬ್ಬರದೂ ಒಂದೇ ಬಗೆಯ ಕನ್ಸೋಲ್. ಪರೀಕ್ಷೆ ಹತ್ತಿರ ಬಂದಾಗ ಕಾಪುವಿನವನು ಬಂದು, "ನಾನು ಎಷ್ಟು ಬೇಡಿಕೊಂಡರೂ ಬಿಡಬೇಡಿ, ನನ್ನದನ್ನು ಬಂದ್ ಮಾಡಿ" ಎಂದು ಕೈ ಮುಗಿದ. ನನಗೆ ಹೆಮ್ಮೆಯಾಯಿತು. ಮಾಡಿದೆ. ಮೊದಲು ಸೇರಿಸುವಾಗಲೇ ಇಬ್ಬರೂ ನಂಬರುಗಳನ್ನು ಅದಲು ಬದಲಾಗಿ ಬರೆದುಕೊಟ್ಟಿದ್ದರೆಂದು ತಿಳಿದದ್ದು ಪರೀಕ್ಷೆ ಮುಗಿದ ಮೇಲೆ. ಬಂದ್ ಆಗಿದ್ದು ರೂಮ್‌ಮೇಟನದು. ಅವನು ಬೇರೆ ದಾರಿಯಿಲ್ಲದೆ ಓದಿ ಪಾಸಾದ. ಶಪಥ ಮಾಡಿದವನು ಫೇಲು.

೩. ಲಿಸ್ಟಿನ ಮೊದಲ ಹೆಸರು

ನಮ್ಮ ವಾರ್ಡನ್ ಸಾರ್‌ಗೆ ಗೇಮ್ ಎಂದರೆ ಆಗದು. ಹಾಸ್ಟೆಲಿನಲ್ಲಿ ಕನ್ಸೋಲುಗಳನ್ನೇ ನಿಷೇಧಿಸಬೇಕೆಂದು ಪ್ರಾಂಶುಪಾಲರ ಮುಂದೆ ಸಭೆ ಸೇರಿಸಿದರು. ಹುಡುಗರನ್ನು ನೆನೆದು ನನಗೆ ಸಂಕಟವಾಯಿತು.

"ಅತಿ ಹೆಚ್ಚು ಹೊತ್ತು ಆಡುವವನ ಹೆಸರು ಓದಿ. ಅವನ ತಂದೆತಾಯಿಗೆ ಈಗಲೇ ಫೋನ್ ಮಾಡುವ" ಎಂದು ವಾರ್ಡನ್ ಸಾರ್ ನನ್ನತ್ತ ತಿರುಗಿದರು.

ಯಾವ ಕನ್ಸೋಲ್ ಎಷ್ಟು ಹೊತ್ತು ಓಡಿತೆಂಬ ಲಿಸ್ಟ್ ತೆರೆದು ಮೊದಲ ಹೆಸರನ್ನು ಎರಡೆರಡು ಸಲ ಓದಿಕೊಂಡೆ. ಹಿಂದೊಮ್ಮೆ ಹಾಸ್ಟೆಲಿನ ಪಕ್ಕದಲ್ಲೇ ಇರುವ ವಾರ್ಡನ್ ಸಾರ್ ಮನೆಯ ಟಿವಿ ಕಾಲೇಜಿನ ವೈಫೈಗೆ ಸೇರದಿದ್ದಾಗ, ಯಕ್ಷಗಾನ ನೋಡಲಿ ಎಂದು ಅದನ್ನೂ 'ಗೇಮ್ ಕನ್ಸೋಲ್' ಎಂದೇ ನಾನು ಸೇರಿಸಿದ್ದೆ.

"ಹೆದರಬೇಡಿ ಮಾರಾಯ್ರೆ, ಯಾರ ಮಗನಾದರೂ ಬಿಡುವುದಿಲ್ಲ!"

"ಮೊದಲ ಹೆಸರು ನಿಮ್ಮದೇ ಸಾರ್. ದಿನಕ್ಕೆ ಆರು ಗಂಟೆ."

"ಅದು ಯಕ್ಷಗಾನ!" ಎಂದು ಅವರು ಕೂಗಿದರು.

"ಎಲ್ಲರೂ ಏನಾದರೊಂದು ಹೇಳುತ್ತಾರೆ. ನಿಮ್ಮ ತಾಯಿ ಊರಲ್ಲಿ, ಮಟ್ಟುವಿನಲ್ಲಿ ಇದ್ದಾರಲ್ವಾ?" ಎಂದು ಪ್ರಾಂಶುಪಾಲರು ನಗು ನುಂಗಿಕೊಂಡು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಫೋನ್ ಮಾಡಿಯೇ ಬಿಟ್ಟರು.

ತಾಯಿ ವಿಷಯವನ್ನೆಲ್ಲ ಕೇಳಿ ನಿಟ್ಟುಸಿರುಬಿಟ್ಟರು. "ಚಿಕ್ಕಂದಿನಲ್ಲೂ ಹೀಗೆಯೇ ಸಾರ್, ಗೋಲಿ ಆಡಲು ಕುಳಿತರೆ ಊಟದ ನೆನಪಿಲ್ಲ. ಆ ಪೆಟ್ಟಿಗೆ ಕಿತ್ತುಕೊಂಡು ಎರಡು ಪೆಟ್ಟು ಕೊಡಿ. ಪ್ರಾಯ ಐವತ್ತೆಂಟಾಯಿತು, ಇನ್ನಾದರೂ ಬುದ್ಧಿ ಬರಲಿ."

ವಾರ್ಡನ್ ಸಾರ್ ಕೈಚಾಚಿ ಫೋನ್ ಕಟ್ ಮಾಡಿದರು. "ಮಕ್ಕಳಲ್ವಾ, ಪಾಪ, ಆಡಿಕೊಂಡಿರಲಿ ಸಾರ್" ಎಂದರು.