ಬಿ.ಪಿ. ಮಾತ್ರೆಯೂ ಹಸುವಿನ ಕ್ಯಾಲ್ಸಿಯಮ್ಮೂ

ಪಾಂಡವಪುರ ತಾಲ್ಲೂಕಿನ ಒಂದು ಆಸ್ಪತ್ರೆಯಲ್ಲಿ ನಾನು ನರ್ಸು. ನಮ್ಮ ಡಾಕ್ಟರು ಮಾತ್ರೆ ಬರೆದು ಸುಮ್ಮನಾದರೆ ಏನೂ ಆಗುವುದಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿದ ದಿನವೇ ಏನಾದರೊಂದು ಶುರುವಾಗುತ್ತದೆ.

ಮುದ್ದೆ ಬಿಟ್ಟವರು

ತೊಣ್ಣೂರು ಕಡೆಯ ಯಜಮಾನರೊಬ್ಬರಿಗೆ ಬಿ.ಪಿ. ಇತ್ತು. "ರಕ್ತನಾಳದ ಗೋಡೆಯೊಳಕ್ಕೆ ಕ್ಯಾಲ್ಸಿಯಂ ನುಗ್ಗಿದ್ರೆ ನಾಳ ಬಿಗಿಯುತ್ತೆ, ರಕ್ತ ಹರಿಯೋ ದಾರಿ ಕಿರಿದಾಗುತ್ತೆ. ಈ ಮಾತ್ರೆ ಅದು ನುಗ್ಗೋ ಬಾಗಿಲು ಮುಚ್ಚುತ್ತೆ" ಎಂದರು ಡಾಕ್ಟರು.

ಎಂಟು ದಿನ ಬಿಟ್ಟು ಯಜಮಾನರು ಸೊರಗಿ ಬಂದರು. ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯೆಂದು ಮೊಮ್ಮಗಳು ಹೇಳಿದ್ದಳಂತೆ. ಅವತ್ತಿನಿಂದ ಮುದ್ದೆಯಿಲ್ಲ, ಹಾಲಿಲ್ಲ, ಮಜ್ಜಿಗೆಯಿಲ್ಲ.

"ಬಾಗಿಲು ಇರೋದು ನಾಳದಲ್ಲಿ, ನಿಮ್ಮ ಬಾಯಲ್ಲಲ್ಲ. ಮುದ್ದೆ ಉಣ್ಣಿ" ಎಂದರು ಡಾಕ್ಟರು.

ಯಜಮಾನರು ನನ್ನತ್ತ ತಿರುಗಿದರು. "ಮೊದ್ಲೇ ಯೋಳ್ಬಾರ್ದೇನವ್ವಾ? ಬರೀ ಅನ್ನ ಉಂಡು ದನಿನೇ ಬಿದ್ದೋಯ್ತು. ಕೂಗುದ್ರೆ ಎಮ್ಮೆನೂ ತಿರುಗಿ ನೋಡ್ತಿಲ್ಲ!"

ಅಗಲವಾದದ್ದು

ಶಾಲೆಯಿಂದ ನಿವೃತ್ತರಾದ ಮೇಡಂ ಒಬ್ಬರು ಅದೇ ಮಾತ್ರೆ ನುಂಗಿ, ಊದಿದ ಪಾದ ಎಳೆದುಕೊಂಡು ಬಂದರು. "ನಾಳ ಅಗಲ ಆಗುತ್ತೆ ಅಂದ್ರಿ. ಅಗಲ ಆಗಿರೋದು ಪಾದ!"

ಕೆಲವರಿಗೆ ಹಾಗಾಗುವುದುಂಟು. ಡಾಕ್ಟರು ಮಾತ್ರೆ ಬದಲಿಸಿದರು. ಮೇಡಂ ಹೊಸ ಚೀಟಿ ವಾಪಸ್ಸು ಕೊಟ್ಟರು. "ಇದಕ್ಕೆ ಯಾವ ಸೈಜಿನ ಚಪ್ಪಲಿ ಬೇಕಾಗುತ್ತೆ, ಅದನ್ನೂ ಬರೆದುಬಿಡಿ."

ಅರ್ಧ ಗಂಟೆ

ಒಬ್ಬ ಗೌಡರು ಅದೇ ಮಾತ್ರೆ ಶುರುವಾದಾಗಿನಿಂದ ಜಗಲಿ ಬಿಟ್ಟೇ ಏಳುತ್ತಿಲ್ಲವೆಂದು ತಿಳಿದು ಮನೆಗೇ ಹೋದೆ. "ಡಾಕ್ಟ್ರು ನನ್ ಕ್ಯಾಲ್ಸಿಯಂ ನಿಲ್ಸವ್ರೆ. ಏಳಕ್ಕೆ ಶಕ್ತಿ ಎಲ್ಲದೆ?" ಎಂದರು ಮಲಗಿದಲ್ಲಿಂದಲೇ. ನೋಡಿದೆ. ಬಿ.ಪಿ. ಸರಿಯಾಗಿತ್ತು, ತಲೆಸುತ್ತೂ ಇರಲಿಲ್ಲ.

ಕೊಟ್ಟಿಗೆಯಲ್ಲಿ ಅವರ ಹೆಂಡತಿ ಅಳುತ್ತಿದ್ದರು. ಹಿಂದಿನ ದಿನ ಕರು ಹಾಕಿದ್ದ ಹಸು ಕತ್ತು ಮುರುಟಿಕೊಂಡು ನೆಲ ಹಿಡಿದಿತ್ತು. ಅಷ್ಟರಲ್ಲಿ ಬಂದ ಪಶುವೈದ್ಯರು "ಕ್ಯಾಲ್ಸಿಯಂ ಕಮ್ಮಿಯಾಗಿದೆ" ಎಂದು ಕತ್ತಿನ ನರಕ್ಕೆ ಬಾಟಲಿ ಏರಿಸಿದರು. ಅರ್ಧ ಗಂಟೆಗೆ ಹಸು ಎದ್ದು ಕರು ನೆಕ್ಕಿತು. ನನಗೂ ಕಣ್ಣು ತುಂಬಿತು.

ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಜಗಲಿಯತ್ತ ನೋಡಿದರು. "ಸಾರ್, ಇನ್ನೊಂದ್ ಬಾಟ್ಲು ಅದಾ? ಅಲ್ಲೊಬ್ರು ಮಲಗವ್ರೆ. ಇದೇ ಸೂಜಿಲಿ ಆಕ್ಬುಡಿ."

ವೈದ್ಯರು ಗಂಭೀರವಾಗಿ ಆ ದಪ್ಪ ಸೂಜಿ ಹಿಡಿದು ಎರಡು ಹೆಜ್ಜೆ ಇಟ್ಟರಷ್ಟೆ. ಗೌಡರು ಜಗಲಿಯಿಂದ ಹಾರಿ, ಹುಲ್ಲಿನ ಮೆದೆ ಬಳಸಿ, ಕಬ್ಬಿನ ಗದ್ದೆ ಸೇರಿಬಿಟ್ಟರು.

ಆಕೆ ವೈದ್ಯರಿಗೆ ಕೈಮುಗಿದರು. "ಹಸೂಗೆ ಅರ್ಧ ಗಂಟೆ ಬೇಕಾಯ್ತು ಸಾರ್. ಇವ್ರಿಗೆ ಸೂಜಿ ತೋರ್ಸುದ್ರೇ ಸಾಕಾಯ್ತು!"