ಗೊಬ್ಬರ ಹಾಕದ ತಾಕು

೧೯೬೧ರ ಜೂನ್ ಹನ್ನೆರಡು. ಹಾಸನದಲ್ಲಿ ಬೆಳಗಿನಿಂದ ಮೋಡ, ನಡುನಡುವೆ ತುಂತುರು. ಕೃಷಿ ಇಲಾಖೆಯ ಫೀಲ್ಡ್‌ಮನ್ ಆದವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ; ಅವು ಸೈಕಲ್ಲಿನ ಹಿಂದೆಯೇ ಬರುತ್ತವೆ. ಆ ವರ್ಷ ನಮ್ಮ ಇಲಾಖೆಯೂ ಬೆಂಗಳೂರಿನ ಒಂದು ಗೊಬ್ಬರದ ಕಂಪನಿಯೂ ಸೇರಿ ಆಲೂಗಡ್ಡೆಯ ಮೇಲೆ ಸಂಶೋಧನೆಗೆ ಹೊರಟವು. ಒಂದೇ ಹೊಲದಲ್ಲಿ ನನಗೆ ನಾಲ್ಕು ಪ್ರಸಂಗ ಸಿಕ್ಕವು.

೧. ಪಾಲುದಾರರು

ಹೊಲ ಅರಕಲಗೂಡು ರಸ್ತೆಗೆ ಅಂಟಿಕೊಂಡಿತ್ತು. ಅದರ ಯಜಮಾನರಾದ ಗೌಡರಿಗೆ ಆ ದಿನ ಕರಾರು ಓದಿ ಹೇಳಿದೆ. "ಗೊಬ್ಬರ ಕಂಪನಿಯದು, ತಿಳುವಳಿಕೆ ಇಲಾಖೆಯದು, ಹೊಲ ನಿಮ್ಮದು."

"ಮಳೆ ಯಾರ್ದು ಸಾ?"

ಅದು ಕರಾರಿನಲ್ಲಿಲ್ಲ ಎಂದೆ.

"ಅಂಗಾರೆ ಇನ್ನೊಬ್ಬರ ಸಹಿ ಬಾಕಿ ಅದೆ" ಎಂದು ಹೆಬ್ಬೆಟ್ಟು ಒತ್ತಿದರು.

೨. ಒಂದೇ ಪಂಕ್ತಿ

ಹೊಲವನ್ನು ಎರಡು ತಾಕು ಮಾಡಿ ಒಂದೊಂದರ ಮುಂದೂ ಬೋರ್ಡು ನೆಟ್ಟೆವು. ರಸ್ತೆಬದಿಯದಕ್ಕೆ ಏನೂ ಹಾಕುವಂತಿಲ್ಲ. ಒಳಗಿನದಕ್ಕೆ ಕಂಪನಿಯ ಗೊಬ್ಬರ. ಗೌಡರ ಹೆಂಡತಿಗೆ ಇದು ಸರಿಬರಲಿಲ್ಲ.

"ಇಬ್ರು ಮಕ್ಕಳನ್ನ ಒಟ್ಟಿಗೆ ಕೂರಿಸಿ, ಒಬ್ಬಂಗೆ ಮುದ್ದೆ ಇಕ್ಕಿ ಇನ್ನೊಬ್ಬಂಗೆ ಬರೀ ಎಲೆ ಇಕ್ತಾರಾ?"

ಟೈ ಕಟ್ಟಿಕೊಂಡು ಬಂದಿದ್ದ ಕಂಪನಿಯ ಏಜೆಂಟರು ಸಮಾಧಾನವಾಗಿ ಹೇಳಿದರು: "ಹಾಗೆ ಮಾಡಿದರೇನೇ ಅಮ್ಮಾ, ಮುದ್ದೆಯ ಗುಣ ಗೊತ್ತಾಗೋದು."

"ಗುಣ ಗೊತ್ತಿಲ್ದೇನೆ ಇಷ್ಟು ವರ್ಷ ಉಂಡ್ರಾ?"

ಏಜೆಂಟರು ನೋಟ್‌ಬುಕ್ ಮುಚ್ಚಿದರು.

೩. ಬೋರ್ಡು

ಜುಲೈ ಕೊನೆಗೆ ಒಳಗಿನ ತಾಕು ಸೊಂಪಾಗಿ ಎದ್ದಿತು. ರಸ್ತೆಬದಿಯದು ಜ್ವರದಿಂದ ಎದ್ದವನ ಹಾಗಿತ್ತು. ಅದೇ ಹೊತ್ತಿಗೆ ಗೌಡರ ಮಗನಿಗೆ ಹೊಳೆನರಸೀಪುರದ ಕಡೆಯ ಹೆಣ್ಣು ಗೊತ್ತಾಗುವುದರಲ್ಲಿತ್ತು. ಹೆಣ್ಣಿನ ತಂದೆ ಮನೆ, ಹೊಲ ನೋಡಲು ಬರುವವರಿದ್ದರು. ಬಸ್ಸಿಳಿದರೆ ಮೊದಲು ಕಾಣುವುದೇ ಆ ಸೊರಗಿದ ತಾಕು.

ಅವರು ಬಂದುಹೋದ ಮೇಲೆ ನಾನು ಹೋದೆ. ಬೋರ್ಡುಗಳು ಅದಲುಬದಲಾಗಿದ್ದವು. ಸೊರಗಿದ್ದರ ಮುಂದೆ 'ಕಂಪನಿ ಗೊಬ್ಬರ', ಸೊಂಪಾದದ್ದರ ಮುಂದೆ 'ಗೊಬ್ಬರ ಹಾಕದ್ದು'.

"ಒಣಗಿರೋದು ಕಂಪ್ನಿದು, ಹಸುರಾಗಿರೋದು ನಮ್ದು ಅಂದ್ಬುಟ್ಟೆ ಸಾ. ಏನೂ ಆಕ್ದೆ ಇಂಗೆ ಬೆಳೀತದಾ ಅಂತ ಭೂಮ್ತಾಯಿಗೆ ಕೈ ಮುಗುದ್ರು. ಸಂಬಂಧ ಕುದುರ್ತು" ಎಂದರು ಗೌಡರು.

ಬೋರ್ಡು ಮೊದಲಿನ ಹಾಗೆ ನೆಡಿ ಎಂದೆ.

"ಲಗ್ನ ಆಗೋಗ್ಲಿ ಸಾ. ಗಿಡಕ್ಕೆ ಓದಾಕೆ ಬರಾಕಿಲ್ಲ. ಗಡ್ಡೆ ಎಲ್ಲಿ ಬುಡಬೇಕೋ ಅಲ್ಲೇ ಬುಡ್ತವೆ."

೪. ತೂಕ

ಸೆಪ್ಟೆಂಬರಿನಲ್ಲಿ ಗಡ್ಡೆ ಕಿತ್ತು ತೂಕ ಹಾಕುವ ದಿನ ಏಜೆಂಟರು ಕ್ಯಾಮೆರಾ ತಂದರು. ಲಗ್ನದ ಮಾತಿಗೆಂದು ಹೆಣ್ಣಿನ ತಂದೆಯೂ ಅಂದೇ ಬಂದಿದ್ದರು.

ತೂಕ ಮುಗಿಯಿತು. 'ಗೊಬ್ಬರ ಹಾಕದ್ದು' ಬೋರ್ಡಿನ ಹಿಂದೆ ಗಡ್ಡೆಯ ಗುಡ್ಡ. ಏಜೆಂಟರು ಕ್ಯಾಮೆರಾ ಕೆಳಗಿಳಿಸಿದರು.

"ಈ ಫೋಟೋ ಬೆಂಗಳೂರಿಗೆ ಹೋದರೆ ನಾನು ಊರಿಗೆ ಹೋಗಬೇಕಾಗುತ್ತೆ."

ಗೌಡರು ನನ್ನನ್ನು ನೋಡಿದರು. ಬಿತ್ತನೆಯ ದಿನ ಬರೆದ ನಕ್ಷೆ ನನ್ನ ರಿಜಿಸ್ಟರಿನಲ್ಲಿತ್ತು. ನೋಡಿ ನೋಡಿ ಸುಳ್ಳು ಬರೆಯಲಾರೆ. "ಬೋರ್ಡು ತಿರುವುಮುರುವಾಗಿದೆ" ಎಂದೆ.

ಏಜೆಂಟರಿಗೆ ಜೀವ ಬಂತು. "ಹಾಗಾದರೆ ಗೊಬ್ಬರ ಹಾಕದ ರಸ್ತೆಬದಿಯ ತಾಕಿನ ನಷ್ಟ ಕಂಪನಿಯೇ ತುಂಬಿಕೊಡುತ್ತೆ ಗೌಡರೆ, ಇಲ್ಲಿ ಹೆಬ್ಬೆಟ್ಟು ಒತ್ತಿ."

ಗೌಡರು ಕೈ ಮುಂದೆ ಮಾಡಲಿಲ್ಲ. ತಲೆ ತಗ್ಗಿಸಿಕೊಂಡೇ, "ತಪ್ಪಾಯ್ತು ಬೀಗ್ರೆ. ಸಂಬಂಧ ಬ್ಯಾಡ ಅಂದ್ರೂ ನಾನೇನೂ ಅನ್ನಾಕಿಲ್ಲ" ಎಂದರು.

ಹೆಣ್ಣಿನ ತಂದೆ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಪಕ್ಕಕ್ಕೆ ಒತ್ತರಿಸಿಕೊಂಡರು.

"ಅವತ್ತೇ ಗೊತ್ತಾಯ್ತು ಬುಡಿ. ಓದ್ವರ್ಸ ಈ ಕಂಪ್ನಿಯೋರು ನಮ್ಮ ಗದ್ದೆಗೂ ಬಂದಿದ್ರು, ಭತ್ತಕ್ಕೆ ಅಂತ. ನಾನು 'ಗೊಬ್ಬರ ಆಕದ್ದು' ಬೋರ್ಡು ಕಿತ್ಕೊಂಡೋಗಿ ದಾಯಾದಿ ಗದ್ದೇಲೇ ನೆಟ್ಟಿದ್ದೆ. ಮಾನಕ್ಕೆ ಅಂಜೋ ಮನೆ, ಹೆಣ್ಣು ಕೊಡಬೌದು ಅನ್ಕಂಡೆ."

ಗೌಡರು ತಲೆ ಎತ್ತಿದರು. ಏಜೆಂಟರ ಕಾಗದವನ್ನೊಮ್ಮೆ ನೋಡಿ, ಬೀಗರ ಹತ್ತಿರ ಸರಿದು ಮೆಲ್ಲಗೆ ಕೇಳಿದರು:

"ಗೊಬ್ಬರ ಆಕ್ದೆ ಆದ ನಷ್ಟಕ್ಕೆ ನಿಮಗೆ ಏನು ಕೊಟ್ರು ಬೀಗ್ರೆ?"

"ಒಂದು ಮೂಟೆ ಗೊಬ್ಬರ."